ಕೋವಿ ಹವ್ಯಾಸ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆ

ಕೋವಿಗಳ ರಚನೆ, ಚರಿತ್ರೆ, ಅವುಗಳನ್ನು ಕಾಪಿಡುವ ಕ್ರಮ ಮತ್ತು ಗುರಿ ಹಿಡಿಯುವ ಕೌಶಲಗಳನ್ನು ಆಸಕ್ತಿಯಿಂದ ಅಭ್ಯಾಸಮಾಡಿ, ಆ ತಿಳಿವನ್ನು ಸಮಾನಾಸಕ್ತರೊಡನೆ ಹಂಚಿಕೊಳ್ಳುವ ಚಟುವಟಿಕೆಯನ್ನು ಕೋವಿ ಹವ್ಯಾಸ ಎನ್ನಬಹುದು. ಮದ್ದು ಸಿಡಿದಾಗ ಹುಟ್ಟುವ ಅನಿಲದ ಒತ್ತಡದಿಂದ ಗುಂಡನ್ನು ಹಾರಿಸುವ ಬಂದೂಕು, ರೈಫಲ್, ಪಿಸ್ತೂಲುಗಳೂ ಅದುಮಿದ ಗಾಳಿಯಿಂದ ಸೀಸದ ಸಣ್ಣ ಗುಂಡನ್ನು ಚಿಮ್ಮಿಸುವ ಏರ್‌ಗನ್ನುಗಳೂ ಈ ಹವ್ಯಾಸದ ವ್ಯಾಪ್ತಿಗೆ ಸೇರುತ್ತವೆ. ತುಮಕೂರು ಜಿಲ್ಲೆಯ ಉತ್ತರ ಭಾಗದಲ್ಲಿ ಹರಡಿಕೊಂಡಿರುವ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಕಂದಾಯ ಆಡಳಿತದಲ್ಲಿ ಮಧುಗಿರಿ ಉಪವಿಭಾಗವೆಂಬ ಒಂದೇ ಘಟಕವಾಗಿದ್ದು, ಇಲ್ಲಿ ಕೋವಿಯ ಮೇಲಿನ ಆಸಕ್ತಿ ಪಾಳೆಯಗಾರರ ಕೋಟೆಗಳಲ್ಲಿ ಹುಟ್ಟಿ, ರೈತನ ಹೊಲದಲ್ಲಿ ಉಳಿದು, ಈಚಿನ ದಶಕಗಳಲ್ಲಿ ಗುರಿಕ್ರೀಡೆಯ ಕಡೆಗೆ ತಿರುಗಿದೆ. ಆಯುಧದ ಮೇಲಿನ ಒಲವು ನಾಗರಿಕ ಬದುಕಿಗೆ ಒಗ್ಗುವುದು ಶಿಸ್ತು, ಕಾಯಿದೆ ಮತ್ತು ಜೀವದ ಮೇಲಿನ ಗೌರವ ಇವುಗಳ ಕಟ್ಟಿನೊಳಗೆ ಮಾತ್ರ ಎಂಬುದನ್ನು ಈ ಸೀಮೆಯ ಚರಿತ್ರೆ ಸ್ಪಷ್ಟವಾಗಿ ತೋರಿಸುತ್ತದೆ.

ಕೋಟೆಗಳ ಕಾಲ

ಬಂಡೆಗುಡ್ಡಗಳು ಹೆಜ್ಜೆಹೆಜ್ಜೆಗೂ ಎದ್ದಿರುವ ಈ ಬಯಲುಸೀಮೆಯಲ್ಲಿ ಮಧುಗಿರಿ, ಮಿಡಿಗೇಶಿ, ಚನ್ನರಾಯನದುರ್ಗ, ನಿಡುಗಲ್ಲು, ಪಾವಗಡ ಮೊದಲಾದ ಗಿರಿದುರ್ಗಗಳು ಒಂದರ ಹಿಂದೊಂದು ಕಾಣಿಸಿಕೊಳ್ಳುತ್ತವೆ. ಶಿರಾ 1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ವಶವಾಯಿತು. 1687ರಲ್ಲಿ ಮೊಗಲರು ಅದನ್ನು ತಮ್ಮ ದಕ್ಷಿಣದ ಸುಬಾ, ಎಂದರೆ ಪ್ರಾಂತದ ಕೇಂದ್ರವನ್ನಾಗಿ ಮಾಡಿಕೊಂಡು ಖಾಸಿಂ ಖಾನನನ್ನು ಅಲ್ಲಿಗೆ ನೇಮಿಸಿದರು. ಮಧುಗಿರಿಯನ್ನು 1678ರಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದುಕೊಂಡರು. ಹೀಗೆ ಬಿಜಾಪುರ, ಮೊಗಲ, ಮರಾಠ, ಮೈಸೂರು ಸೇನೆಗಳು ಮೇಲಿಂದ ಮೇಲೆ ಎದುರಾದ ನೆಲವಾದುದರಿಂದ ಫಿರಂಗಿ ಮತ್ತು ತುಪಾಕಿಗಳ ಬಳಕೆ ಇಲ್ಲಿನ ಜನಕ್ಕೆ ಬಹು ಹಿಂದೆಯೇ ಪರಿಚಿತವಾಗಿತ್ತು.

ಹದಿನೆಂಟನೆಯ ಶತಮಾನದಲ್ಲಿ ಈ ಪರಿಚಯ ಇನ್ನಷ್ಟು ಗಾಢವಾಯಿತು. 1761ರಲ್ಲಿ ಬಸಾಲತ್ ಜಂಗನಿಂದ ಶಿರಾದ ನವಾಬನೆಂಬ ಪದವಿ ಪಡೆದ ಹೈದರಾಲಿ ಮಧುಗಿರಿಯ ಕೋಟೆಯನ್ನು ಕಲ್ಲಿನಲ್ಲಿ ವಿಸ್ತರಿಸಿ ಬಲಪಡಿಸಿದನು. 1763ರಲ್ಲಿ ಬಿದನೂರು ಅವನ ಕೈಸೇರಿದಾಗ ಅಲ್ಲಿನ ರಾಣಿ ವೀರಮ್ಮಾಜಿಯನ್ನು ಸೆರೆಯಲ್ಲಿಟ್ಟದ್ದು ಇದೇ ಮಧುಗಿರಿಯಲ್ಲಿ. 1767ರಲ್ಲಿ ಪೇಶ್ವೆ ಮಾಧವರಾಯನ ಸೇನೆ ಕೋಟೆಯನ್ನು ಗೆದ್ದು ಆಕೆಯನ್ನು ಬಿಡಿಸಿತು. ಕೋಟೆಯನ್ನು ಹತ್ತುವವರಿಗೆ ಇಂದಿಗೂ ಕಾಣುವ ಬತೇರಿಗಳು, ಅಂದರೆ ಗೋಡೆಯಿಂದ ಹೊರಚಾಚಿದ ಬುರುಜುಗಳು, ಒಳಗಿನಿಂದ ಅಗಲವಾಗಿಯೂ ಹೊರಗಿನಿಂದ ಕಿರಿದಾಗಿಯೂ ಇರುವ ಗುಂಡುಕಿಂಡಿಗಳು, ಮದ್ದನ್ನು ತೇವಕ್ಕೂ ಕಿಡಿಗೂ ಸಿಕ್ಕದಂತೆ ಇಡುತ್ತಿದ್ದ ಮದ್ದಿನಮನೆಗಳು ತುಪಾಕಿಯ ಯುದ್ಧಕ್ಕೆ ಹೊಂದಿಸಿ ಕಟ್ಟಿದ ವಾಸ್ತುವಿನ ಭಾಗಗಳಾಗಿವೆ. ಕಿಂಡಿಯ ಇಳಿಜಾರು ಯಾವ ದಾರಿಯ ಕಡೆಗೆ ತಿರುಗಿದೆ, ಒಂದು ಬತೇರಿಯಿಂದ ಹೊರಟ ಗುಂಡು ಇನ್ನೊಂದರ ಬುಡವನ್ನು ಹೇಗೆ ಕಾಯುತ್ತದೆ ಎಂಬುದನ್ನು ಸ್ಥಳದಲ್ಲೇ ನಿಂತು ಓದಬಲ್ಲ ಆಸಕ್ತನಿಗೆ ಈ ಕೋಟೆಗಳು ಕೋವಿಯ ಚರಿತ್ರೆಯ ತೆರೆದ ಪಾಠಗಳಾಗುತ್ತವೆ.

ಮೈಸೂರಿನ ಸೇನಾಬಲದಲ್ಲಿ ಕಂದಾಚಾರವೆಂಬ ಸ್ಥಳೀಯ ಕಾಲಾಳು ವ್ಯವಸ್ಥೆಗೆ ಮುಖ್ಯ ಸ್ಥಾನವಿತ್ತು. ಊರುಗಳಲ್ಲೇ ನೆಲೆಸಿ, ಕರೆ ಬಂದಾಗ ಕೋಟೆ ಕಾಯಲು ಅಥವಾ ದಂಡಿನೊಡನೆ ಹೊರಡಲು ಸಿದ್ಧರಿರುತ್ತಿದ್ದ ಈ ಆಳುಗಳಿಂದಾಗಿ ಕೋವಿ ಅರಮನೆಯ ವಸ್ತುವಾಗಿಯಷ್ಟೇ ಉಳಿಯದೆ ಹಳ್ಳಿಯ ಕೈಗೂ ಬಂದಿತು. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ನಗರ ಮುಂತಾದೆಡೆ ಕಾರ್ಖಾನೆಗಳು ನಡೆದು, ಹುಲಿಪಟ್ಟೆಯ ಅಲಂಕಾರವಿದ್ದ ಬಂದೂಕುಗಳೂ ಕಬ್ಬಿಣದ ಕೊಳವೆಯ ರಾಕೆಟ್ಟುಗಳೂ ತಯಾರಾದವು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಳೆಯ ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ದೊರೆತ ಮೇಲೆ ಮೈಸೂರು ರಾಜ್ಯದ ಮದ್ದಿನ ತಂತ್ರದ ಅಧ್ಯಯನಕ್ಕೆ ಹೊಸ ಆಧಾರ ಒದಗಿತು.

ಕೋವಿಗಳ ಬಗೆಗಳು

ಹವ್ಯಾಸಿಗಳು ಕೋವಿಗಳನ್ನು ಮುಖ್ಯವಾಗಿ ಕಿಡಿ ಹೊತ್ತಿಸುವ ಬಗೆಯಿಂದಲೂ ಮದ್ದು ತುಂಬುವ ಕಡೆಯಿಂದಲೂ ವಿಂಗಡಿಸುತ್ತಾರೆ. ಅತ್ಯಂತ ಹಳೆಯದು ಬತ್ತಿಕೋವಿ. ಇದರಲ್ಲಿ ಹೊಗೆಯಾಡುವ ಹುರಿಯ ತುದಿ ಕೀಲಿನ ಸಹಾಯದಿಂದ ಕೆಳಗಿಳಿದು ನಳಿಗೆಯ ಕಿವಿ, ಎಂದರೆ ಕಿಡಿ ಒಳಹೋಗುವ ಸಣ್ಣ ರಂಧ್ರದ ಬಳಿಯ ಮದ್ದಿಗೆ ತಾಗುತ್ತಿತ್ತು. ಅನಂತರ ಬಂದ ಚಕಮಕಿ ಕೋವಿಯಲ್ಲಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬಳಕೆಗೆ ಬಂದ ಕೇಪಿನ ಕೋವಿಯಲ್ಲಿ ತಾಮ್ರದ ಪುಟ್ಟ ಟೋಪಿಯಂಥ ಕೇಪನ್ನು ನಳಿಗೆಯ ಹಿಂಬದಿಯ ಮೊಲೆಗೆ ಸಿಕ್ಕಿಸಲಾಗುತ್ತಿದ್ದು, ಸುತ್ತಿಗೆ ಬಡಿದೊಡನೆ ಅದರೊಳಗಿನ ಸಿಡಿವಸ್ತು ಹೊತ್ತಿ ಒಳಗಿನ ಮದ್ದಿಗೆ ಬೆಂಕಿ ಮುಟ್ಟುತ್ತದೆ. ಈ ಮೂರೂ ಬಗೆಗಳಲ್ಲಿ ಮದ್ದು ಮತ್ತು ಗುಂಡನ್ನು ನಳಿಗೆಯ ಬಾಯಿಂದಲೇ ತುಂಬಿ ಗಜದಿಂದ ಜಡಿಯಬೇಕಾಗಿದ್ದು, ಒಂದು ಸಲಕ್ಕೆ ತುಂಬುವ ಈ ಅಳತೆಯನ್ನು ಹಳ್ಳಿಗರು ಈಡು ಎಂದೂ ಅದನ್ನು ತಪ್ಪದೆ ಹೊಡೆಯಬಲ್ಲವನನ್ನು ಈಡುಗಾರ ಎಂದೂ ಕರೆಯುತ್ತಾರೆ.

ತೋಟಾ ಕೋವಿ ಬಂದ ಮೇಲೆ ಮದ್ದು, ಕೇಪು, ಗುಂಡು ಮೂರೂ ಒಂದೇ ಕೋಶದಲ್ಲಿ ಸೇರಿ ನಳಿಗೆಯ ಹಿಂಬದಿಯಿಂದ ತುಂಬುವುದು ಸಾಧ್ಯವಾಯಿತು. ಒಂಟಿನಳಿಗೆ ಮತ್ತು ಜೋಡುನಳಿಗೆಯ ಹನ್ನೆರಡು ಬೋರಿನ ಬಂದೂಕು ಈ ಗುಂಪಿನಲ್ಲಿ ಹೆಚ್ಚು ಪರಿಚಿತ. ಇಲ್ಲಿ ಬೋರು ಎಂಬುದು ನಳಿಗೆಯ ಒಳಗಿನ ಅಗಲದ ಅಳತೆ. ಒಂದು ಪೌಂಡು ಸೀಸದಿಂದ ನಳಿಗೆಗೆ ಸರಿಹೊಂದುವ ಹನ್ನೆರಡು ಸಮತೂಕದ ಗುಂಡುಗಳನ್ನು ಮಾಡಬಹುದಾದರೆ ಅದು ಹನ್ನೆರಡು ಬೋರು, ಎಂದರೆ ಸುಮಾರು 18.5 ಮಿ.ಮೀ. ಈ ಕಾರಣದಿಂದ ಬೋರಿನ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಕಿರಿದಾಗುತ್ತದೆ. ಬಂದೂಕಿನ ನಳಿಗೆ ಒಳಗೆ ನುಣುಪಾಗಿದ್ದು, ಚರೆ ಎಂಬ ಸಣ್ಣ ಸೀಸದ ಕಾಳುಗಳನ್ನು ಒಟ್ಟಿಗೆ ಚದುರಿಸುತ್ತದೆ. ರೈಫಲ್ಲಿನ ನಳಿಗೆಯಲ್ಲಿ ಸುರುಳಿಯಾದ ಗೀರುಗಳಿದ್ದು, ಅವು ಒಂಟಿ ಗುಂಡಿಗೆ ತಿರುಗುವ ವೇಗ ಕೊಟ್ಟು ಅದು ದೂರದವರೆಗೆ ನೇರವಾಗಿ ಸಾಗುವಂತೆ ಮಾಡುತ್ತವೆ. ಭಾರತದಲ್ಲಿ ನಾಗರಿಕರ ಬಳಕೆಗೆ ಸಿಗುವ .315 ರೈಫಲ್ ಮತ್ತು .32 ರಿವಾಲ್ವರ್‌ಗಳು ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಗಳಲ್ಲಿ ತಯಾರಾಗುತ್ತ ಬಂದಿದ್ದು, ಅವುಗಳ ತಯಾರಿಯ ವಿವರ, ಮುದ್ರೆ, ಸಂಖ್ಯೆಗಳ ಚರ್ಚೆ ಹವ್ಯಾಸಿಗಳ ಮಾತುಕತೆಯಲ್ಲಿ ದೊಡ್ಡ ಪಾಲು ಪಡೆಯುತ್ತದೆ.

ಬೆಳೆ ಕಾಯುವ ಕೋವಿ

ರಾಗಿ, ಜೋಳ, ಶೇಂಗಾ, ಮುಸುಕಿನ ಜೋಳಗಳನ್ನು ಮಳೆ ನಂಬಿ ಬೆಳೆಯುವ ಮತ್ತು ಕೊಳವೆಬಾವಿಯ ಆಸರೆಯಲ್ಲಿ ಅಡಕೆ, ತೆಂಗು ಉಳಿಸಿಕೊಳ್ಳುವ ಈ ನಾಡಿನಲ್ಲಿ ಗುಡ್ಡದಂಚಿನ ಹೊಲಗಳಿಗೆ ಕಾಡುಹಂದಿಯ ಕಾಟ ಬಹಳ. ಕರಡಿ ಮತ್ತು ಚಿರತೆಗಳೂ ಬಂಡೆಗವಿಗಳಲ್ಲಿ ನೆಲೆಸಿರುತ್ತವೆ. ರಾತ್ರಿ ಅಟ್ಟಣೆಯ ಮೇಲೆ ಕುಳಿತು ತಮಟೆ ಬಡಿಯುವುದು, ಕವಣೆ ಬೀಸುವುದು, ಬೆಂಕಿ ಹಾಕುವುದು ಮೊದಲಾದ ಉಪಾಯಗಳೊಂದಿಗೆ ಸದ್ದಿಗಾಗಿ ಹುಸಿ ಈಡು ಹಾರಿಸುವುದೂ ಬೆಳೆಗಾವಲಿನ ಒಂದು ಕ್ರಮ. ರೈತರ ಈ ಅಗತ್ಯವನ್ನು ಕಾಯಿದೆಯೂ ಗುರುತಿಸಿದ್ದು, 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೆಯ ಪ್ರಕರಣ ಪ್ರಾಮಾಣಿಕವಾಗಿ ಬೆಳೆ ರಕ್ಷಣೆಗೆ ಬೇಕಾಗುವ ಬಾಯಿಂದ ತುಂಬುವ ಕೋವಿಯನ್ನೂ ರಕ್ಷಣೆ ಅಥವಾ ಕ್ರೀಡೆಗೆ ಬೇಕಾಗುವ, ನಳಿಗೆ 20 ಅಂಗುಲಕ್ಕಿಂತ ಕಡಿಮೆಯಿರದ ನುಣುಪು ನಳಿಗೆಯ ಬಂದೂಕನ್ನೂ ಪ್ರತ್ಯೇಕವಾಗಿ ಹೆಸರಿಸಿ, ಸೂಕ್ತ ಕಾರಣವಿದ್ದವರಿಗೆ ಪರವಾನಗಿ ಕೊಡಬೇಕೆಂದು ಹೇಳುತ್ತದೆ.

ಇಂಥ ಕೋವಿ ಮನೆಯ ಹಿರಿಯರಿಂದ ಕಿರಿಯರಿಗೆ ಬರುವ ವಸ್ತುವಾದುದರಿಂದ ಅದರ ಆರೈಕೆಯ ತಿಳಿವಳಿಕೆಯೂ ಹಾಗೆಯೇ ಕೈದಾಟುತ್ತದೆ. ಕರಿಮದ್ದು ಉರಿದ ಮೇಲೆ ಉಳಿಯುವ ಮಸಿ ಗಾಳಿಯ ತೇವ ಹೀರಿ ಕಬ್ಬಿಣವನ್ನು ತಿನ್ನುವುದರಿಂದ ನಳಿಗೆಯನ್ನು ತೊಳೆದು, ಒಣಗಿಸಿ, ಎಣ್ಣೆ ಸವರಿ ಇಡುವುದು ಮೊದಲ ಪಾಠ. ಮಹಾನವಮಿಯ ಆಯುಧಪೂಜೆಯಲ್ಲಿ ನೇಗಿಲು, ಕುಡುಗೋಲು, ವಾಹನಗಳ ಸಾಲಿನಲ್ಲಿ ಮನೆಯ ಕೋವಿಗೂ ಕುಂಕುಮ ಹಚ್ಚುವುದುಂಟು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿದಾರ ತೀರಿಕೊಂಡಾಗಲೂ, ಅವನಿಗೆ 70 ವರ್ಷ ತುಂಬಿದಾಗ ಅಥವಾ ಕೋವಿ ಅವನಲ್ಲಿ 25 ವರ್ಷ ಇದ್ದಾಗಲೂ ಅರ್ಹ ವಾರಸುದಾರ ತನ್ನ ಹೆಸರಿಗೆ ಪರವಾನಗಿ ಕೇಳಲು ಅವಕಾಶವಿದೆ; ಆದರೆ ಕೋವಿ ತಾನೇ ತಾನಾಗಿ ಆಸ್ತಿಯಂತೆ ಹಂಚಿಕೆಯಾಗುವುದಿಲ್ಲ.

ಬೇಟೆ ಮತ್ತು ಅದರ ಕೊನೆ

ಇಪ್ಪತ್ತನೆಯ ಶತಮಾನದ ನಡುವಿನವರೆಗೆ ಕೋವಿ ಹವ್ಯಾಸವೆಂದರೆ ಬಹುಮಟ್ಟಿಗೆ ಶಿಕಾರಿಯೇ ಆಗಿತ್ತು. ಬೆಂಗಳೂರಿನ ಬೇಟೆಗಾರ ಲೇಖಕ ಕೆನೆತ್ ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ಮೊದಲ ಪುಸ್ತಕದಲ್ಲಿ ಕೊರಟಗೆರೆಗೆ ಹತ್ತಿರದ ದೇವರಾಯನದುರ್ಗದ ಹುಲಿಯೊಂದನ್ನು ಕುರಿತ ಅಧ್ಯಾಯವಿದ್ದು, ಇಂದು ಹುಲಿಯ ಸುಳಿವೇ ಇಲ್ಲದಂತೆ ಕಾಣುವ ಈ ಗುಡ್ಡಸಾಲಿಗೆ ಒಂದು ಕಾಲದಲ್ಲಿ ಹುಲಿಯೂ ಬರುತ್ತಿತ್ತೆಂಬುದು ಅದರಿಂದ ತಿಳಿಯುತ್ತದೆ. ಆಂಡರ್ಸನ್ನನ ಬರಹಗಳನ್ನು ಕೆ. ಪಿ. ಪೂರ್ಣಚಂದ್ರ ತೇಜಸ್ವಿ ‘ಕಾಡಿನ ಕತೆಗಳು’ ಎಂಬ ಮಾಲೆಯಲ್ಲಿ ಕನ್ನಡಕ್ಕೆ ತಂದರು. ‘ಪರಿಸರದ ಕತೆ’ಯಲ್ಲಿ ತಮ್ಮದೇ ಕೋವಿ ಮತ್ತು ಶಿಕಾರಿಯ ಅನುಭವಗಳನ್ನು ಬರೆದರು. ಬಂದೂಕು, ತೋಟಾ, ಚರೆ, ಬೇಟೆಗಾಗಿ ಅಡಗಿ ಕೂರುವ ಮರಸು ಇವುಗಳ ಜಗತ್ತನ್ನು ಹಲವು ಕನ್ನಡ ಓದುಗರು ಮೊದಲು ಕಂಡದ್ದು ಈ ಪುಸ್ತಕಗಳ ಮೂಲಕ. ಮುಖ್ಯವಾದ ಸಂಗತಿಯೆಂದರೆ ಅವೇ ಪುಸ್ತಕಗಳು ಕೊಲ್ಲುವ ಕುತೂಹಲವನ್ನು ಕಾಡನ್ನು ಅರಿಯುವ ಕುತೂಹಲದ ಕಡೆಗೆ ತಿರುಗಿಸಿದವು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ಕಟ್ಟುನಿಟ್ಟಾಗಿ ನಿಯಂತ್ರಿಸಿತು. 1991ರ ತಿದ್ದುಪಡಿ ಪರವಾನಗಿ ಪಡೆದು ಬೇಟೆಯಾಡುವ ಪದ್ಧತಿಯನ್ನೇ ತೆಗೆದುಹಾಕಿತು. ಮಾನವಜೀವಕ್ಕೆ ಅಥವಾ ನಿಂತ ಬೆಳೆ ಸೇರಿದಂತೆ ಆಸ್ತಿಗೆ ಅಪಾಯವೊಡ್ಡುವ ಕೆಲವು ಪ್ರಾಣಿಗಳ ವಿಷಯದಲ್ಲಿ ಮಾತ್ರ, ಅದೂ ಅಧಿಕೃತ ಅಧಿಕಾರಿಯ ಲಿಖಿತ ಆದೇಶದ ಮೇರೆಗೆ, ವಿನಾಯಿತಿಯುಂಟು. ಬೆಳೆ ರಕ್ಷಣೆಯ ಪರವಾನಗಿ ಎಂದಿಗೂ ಬೇಟೆಯ ಪರವಾನಗಿಯಲ್ಲ ಎಂಬ ಭೇದ ಇಲ್ಲಿ ಬಹು ಮುಖ್ಯ. ಇದೇ ಉಪವಿಭಾಗದಲ್ಲಿ ಕೃಷ್ಣಮೃಗಗಳಿಗಾಗಿ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ 798 ಎಕರೆ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಸಂರಕ್ಷಣಾ ಮೀಸಲಾಯಿತು. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದಲ್ಲಿ 2019ರಲ್ಲಿ ಚಿಂಕಾರ ವನ್ಯಜೀವಿಧಾಮ ಘೋಷಿತವಾಯಿತು. ಹುಲ್ಲೆಗಳ ಜಾಡು ಹಿಡಿಯುವ, ಗಾಳಿಯ ದಿಕ್ಕು ನೋಡಿ ಸದ್ದಿಲ್ಲದೆ ಸರಿಯುವ ಹಳೆಯ ಶಿಕಾರಿ ವಿದ್ಯೆಗೆ ಮೈದನಹಳ್ಳಿಯಲ್ಲಿ ಇಂದು ಛಾಯಾಗ್ರಹಣವೇ ಸರಿಯಾದ ನೆಲೆಯಾಗಿದೆ.

ಕಾಯಿದೆಯ ಚೌಕಟ್ಟು

1962ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಯಾರೂ ಕೋವಿ ಅಥವಾ ತೋಟಾಗಳನ್ನು ಇಟ್ಟುಕೊಳ್ಳುವಂತಿಲ್ಲ. ನಾಲ್ಕೂ ತಾಲ್ಲೂಕುಗಳ ಅರ್ಜಿದಾರರಿಗೆ ಸಾಮಾನ್ಯ ಬೋರಿನ ಕೋವಿಗಳ ಪರವಾನಗಿ ಕೊಡುವ ಅಧಿಕಾರಿ ತುಮಕೂರಿನ ಜಿಲ್ಲಾ ದಂಡಾಧಿಕಾರಿಗಳು, ಎಂದರೆ ಜಿಲ್ಲಾಧಿಕಾರಿಗಳು. ಪೊಲೀಸ್ ವರದಿ ಬಂದ ಮೇಲೆ ಅವರು ತೀರ್ಮಾನಿಸುತ್ತಾರೆ. ಸಾಮಾನ್ಯವಾಗಿ 21 ವರ್ಷ ತುಂಬಿರಬೇಕು. 2019ರ ತಿದ್ದುಪಡಿ ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಕೋವಿಗಳ ಮಿತಿಯನ್ನು ಮೂರರಿಂದ ಎರಡಕ್ಕೆ ಇಳಿಸಿ, ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಮದುವೆ, ಉತ್ಸವ, ಮೆರವಣಿಗೆಗಳಲ್ಲಿ ಅಜಾಗರೂಕತೆಯಿಂದ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತರುವುದನ್ನು ಎರಡು ವರ್ಷದವರೆಗಿನ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದಾದ ಅಪರಾಧವನ್ನಾಗಿ ಮಾಡಿತು. ಚುನಾವಣೆಯ ಕಾಲದಲ್ಲಿ ಅಧಿಕಾರಿಗಳ ಆದೇಶವಾದಾಗ ಪರವಾನಗಿದಾರರು ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಠೇವಣಿಯಿಡಬೇಕಾಗುತ್ತದೆ.

ಈ ಎಚ್ಚರಿಕೆಗೆ ಕಾರಣಗಳು ದೂರದಲ್ಲಿಲ್ಲ. 2005ರ ಫೆಬ್ರುವರಿಯಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಬೀಡುಬಿಟ್ಟಿದ್ದ ಮೀಸಲು ಪೊಲೀಸರ ಮೇಲೆ ನಕ್ಸಲರು ನಡೆಸಿದ ದಾಳಿಯಲ್ಲಿ ಪೊಲೀಸರು ಪ್ರಾಣ ಕಳೆದುಕೊಂಡರು. ಅಂಥ ನೋವನ್ನು ಕಂಡ ನೆಲದಲ್ಲಿ ಕೋವಿಯ ಮೇಲಿನ ಆಸಕ್ತಿ ದಾಖಲೆಗೆ ಒಳಪಟ್ಟು, ಎಲ್ಲರ ಕಣ್ಣಿಗೆ ಕಾಣುವಂತೆ ನಡೆಯಬೇಕೆಂಬುದು ನ್ಯಾಯವಾದ ನಿರೀಕ್ಷೆ. ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆ ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಗಳು ಈ ದೃಷ್ಟಿಯಿಂದ ಉಪಯುಕ್ತವಾಗಿದ್ದು, ಕೋವಿಯ ಭಾಗಗಳನ್ನು ಗುರುತಿಸುವುದು, ಬಿಚ್ಚಿ ಜೋಡಿಸುವುದು, ಸುರಕ್ಷಿತವಾಗಿ ಗುರಿಯಿಟ್ಟು ಹೊಡೆಯುವುದು ಇವನ್ನು ಸಾಮಾನ್ಯ ನಾಗರಿಕರೂ ಅಲ್ಲಿ ಕ್ರಮವಾಗಿ ಕಲಿಯುತ್ತಾರೆ.

ಕೊಡಗಿನ ಪದ್ಧತಿಯೊಡನೆ ಹೋಲಿಕೆ

ಕರ್ನಾಟಕದಲ್ಲಿ ಕೋವಿಯೊಡನೆ ಸಮುದಾಯವೊಂದು ಬೆಸೆದುಕೊಂಡಿರುವ ಅತ್ಯಂತ ಪ್ರಸಿದ್ಧ ನಿದರ್ಶನ ಕೊಡಗು. ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರಿಗೆ ಕೊಟ್ಟ ವಿನಾಯಿತಿ ಸ್ವಾತಂತ್ರ್ಯಾನಂತರವೂ ಶಸ್ತ್ರಾಸ್ತ್ರ ಕಾಯಿದೆಯ 41ನೆಯ ಪ್ರಕರಣದಡಿ ಮುಂದುವರಿದು, ಕೊಡವರು ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರು ನಿಗದಿತ ಬಗೆಯ ಕೋವಿಗಳನ್ನು ಪರವಾನಗಿಯಿಲ್ಲದೆ ಹೊಂದುವ ಅವಕಾಶವನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ಹಬ್ಬದಲ್ಲಿ ಕೊಡವರು ಆಯುಧಗಳನ್ನು ಪೂಜಿಸಿ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ. ಸುಗ್ಗಿಯ ಹಬ್ಬವಾದ ಪುತ್ತರಿಯಲ್ಲಿ ಕದಿರು ತೆಗೆಯುವಾಗ ಗುಂಡು ಹಾರಿಸುತ್ತಾರೆ. ಮಧುಗಿರಿ ಸೀಮೆಗೆ ಇಂಥ ವಿನಾಯಿತಿಯಾಗಲಿ ಹಬ್ಬವಾಗಲಿ ಇಲ್ಲ. ಆದುದರಿಂದ ಇಲ್ಲಿ ಕೋವಿಯ ಆಸಕ್ತಿ ಕುಲದ ಗುರುತಾಗಿ ಬೆಳೆಯದೆ ರೈತ, ಶಿಕ್ಷಕ, ನಿವೃತ್ತ ಯೋಧ, ವಿದ್ಯಾರ್ಥಿ ಮುಂತಾದ ಬೇರೆಬೇರೆ ಹಿನ್ನೆಲೆಯವರು ಸೇರಬಹುದಾದ ವಿಷಯವಾಗಿದೆ. ಕೊಡಗಿನ ಸ್ಪರ್ಧೆಗಳಿಂದ ಈ ಸೀಮೆ ಕಲಿಯಬಹುದಾದದ್ದು ಗುರಿಯ ಶಿಸ್ತನ್ನು ಇಡೀ ಊರಿನ ಎದುರು, ಹಿರಿಯರ ಮೇಲ್ವಿಚಾರಣೆಯಲ್ಲಿ ಪ್ರದರ್ಶಿಸುವ ಕ್ರಮವನ್ನು.

ಗುರಿಕ್ರೀಡೆ

ಕೋವಿ ಹವ್ಯಾಸ ಪೂರ್ಣವಾಗಿ ಅರಳಬಹುದಾದ ಕ್ಷೇತ್ರ ಗುರಿಕ್ರೀಡೆ. ಲೋಕಸಭೆಯ ಮೊದಲ ಅಧ್ಯಕ್ಷ ಜಿ. ವಿ. ಮಾವಳಂಕರ್ ಅವರ ಮುಂದಾಳತ್ವದಲ್ಲಿ 1951ರಲ್ಲಿ ಸ್ಥಾಪಿತವಾದ ಭಾರತೀಯ ರಾಷ್ಟ್ರೀಯ ರೈಫಲ್ ಸಂಸ್ಥೆ ದೇಶದ ಮಟ್ಟದಲ್ಲಿಯೂ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆ ರಾಜ್ಯದ ಮಟ್ಟದಲ್ಲಿಯೂ ಈ ಕ್ರೀಡೆಯನ್ನು ನಡೆಸುತ್ತವೆ. ಹಳ್ಳಿ ಮತ್ತು ಸಣ್ಣ ಪಟ್ಟಣಗಳಿಗೆ ಅತ್ಯಂತ ಹೊಂದುವ ಸ್ಪರ್ಧೆ 10 ಮೀಟರ್ ಏರ್ ರೈಫಲ್ ಮತ್ತು ಏರ್ ಪಿಸ್ತೂಲು. ಇವೆರಡರಲ್ಲೂ ಬಳಸುವುದು 4.5 ಮಿ.ಮೀ. ಸೀಸದ ಗುಂಡು. ಏರ್ ರೈಫಲ್ಲಿನ ಗುರಿಹಲಗೆಯ ನಟ್ಟನಡುವಿನ ಹತ್ತು ಅಂಕದ ಚುಕ್ಕೆ ಕೇವಲ 0.5 ಮಿ.ಮೀ. ಅಗಲವಿದ್ದು, ಪಿಸ್ತೂಲಿನ ಹತ್ತರ ವೃತ್ತ 11.5 ಮಿ.ಮೀ. ಇರುತ್ತದೆ. ಅರ್ಹತಾ ಸುತ್ತಿನಲ್ಲಿ 60 ಗುಂಡುಗಳನ್ನು ಹಾರಿಸಬೇಕಾಗಿದ್ದು, ಪ್ರತಿ ಗುಂಡಿಗೂ ನಿಲುವು, ಉಸಿರು, ದೃಷ್ಟಿ, ಟ್ರಿಗರ್ ಒತ್ತುವ ಬೆರಳು ಇವು ಒಂದೇ ಹದದಲ್ಲಿ ಕೂಡಿಬರಬೇಕು. ಗುಂಡು ಹೊರಟ ಮೇಲೂ ಕ್ಷಣಕಾಲ ನಿಲುವು ಕದಲದಂತೆ ಇರುವುದು ನುರಿತವರ ಲಕ್ಷಣ. ಗಾತ್ರ, ಎತ್ತರ, ವೇಗಗಳಿಗಿಂತ ಚಿತ್ತದ ಸ್ಥಿರತೆಗೆ ಬೆಲೆ ಕೊಡುವ ಆಟವಾದುದರಿಂದ ಹುಡುಗ ಹುಡುಗಿಯರು ಇದರಲ್ಲಿ ಸರಿಸಮವಾಗಿ ಮೇಲೇರಬಲ್ಲರು.

ಕರ್ನಾಟಕದ ಸಾಧನೆ ಇದಕ್ಕೆ ಸಾಕ್ಷಿ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದು, 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ದೇಶವನ್ನು ಪ್ರತಿನಿಧಿಸಿದರು. ದಿವ್ಯಾ ಟಿ. ಎಸ್. 2023ರಲ್ಲಿ ಬಾಕು ವಿಶ್ವಕಪ್ಪಿನ ಮಿಶ್ರ ತಂಡ ವಿಭಾಗದಲ್ಲಿ ಸರಬ್ಜೋತ್ ಸಿಂಗ್ ಜೊತೆ ಚಿನ್ನ ಗೆದ್ದರು; ಅದೇ ವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಏರ್ ಪಿಸ್ತೂಲಿನ ಎರಡು ತಂಡ ಬೆಳ್ಳಿಗಳಲ್ಲಿ ಪಾಲುಗೊಂಡರು. ಏರ್ ರೈಫಲ್ಲಿನಲ್ಲಿ ಹದಿಹರೆಯದ ತಿಲೋತ್ತಮಾ ಸೇನ್ ಅದೇ ವರ್ಷ ಭಾರತಕ್ಕೆ ಒಲಿಂಪಿಕ್ ಸ್ಥಾನವೊಂದನ್ನು ಗಳಿಸಿಕೊಟ್ಟರು. ಈ ಮೂವರ ಅಭ್ಯಾಸದ ನೆಲೆ ಬೆಂಗಳೂರಾದುದರಿಂದ ತರಬೇತಿ ರಾಜಧಾನಿಯಲ್ಲಿ ಕೇಂದ್ರೀಕೃತವಾಗಿರುವುದೂ ಇದರಿಂದಲೇ ಕಾಣುತ್ತದೆ. ಮಧುಗಿರಿ ಸೀಮೆಯ ವಿದ್ಯಾರ್ಥಿಗೆ ಕೋವಿಯ ಮೊದಲ ಸ್ಪರ್ಶ ಸಾಮಾನ್ಯವಾಗಿ ಎನ್‌ಸಿಸಿ ಶಿಬಿರದ .22 ರೈಫಲ್ಲಿನಿಂದ ಆಗುತ್ತದೆ. ಅಲ್ಲಿ ಚುರುಕು ತೋರಿದವರು ಮುಂದೆ ಹೋಗಲು ಹತ್ತಿರದಲ್ಲೇ ಅಭ್ಯಾಸದ ಜಾಗ ಬೇಕಾಗುತ್ತದೆ.

ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ಬೋರಿನ, 20 ಜೌಲ್‌ಗಿಂತ ಕಡಿಮೆ ಶಕ್ತಿಯ ಏರ್ ರೈಫಲ್ಲಿಗೆ ಪರವಾನಗಿ ಬೇಕಿಲ್ಲವಾದರೂ ಕೊಳ್ಳುವಾಗ ಗುರುತು ಮತ್ತು ವಿಳಾಸದ ದಾಖಲೆ ಕೊಡಬೇಕು. ಅಂಥ ಏರ್‌ಗನ್ನಿನಿಂದ ಹಕ್ಕಿಗಳನ್ನು ಹೊಡೆಯುವುದು ವನ್ಯಜೀವಿ ಕಾಯಿದೆಯಡಿ ಅಪರಾಧವೇ. ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸಕ್ಕಾಗಿ .22 ರೈಫಲ್ ಹೊಂದಲು ಪರವಾನಗಿ ಕೇಳುವ ದಾರಿಯೂ ಶಸ್ತ್ರಾಸ್ತ್ರ ಕಾಯಿದೆಯಲ್ಲಿದೆ.

ಹಳೆಯ ಆಯುಧಗಳ ಅಧ್ಯಯನ

ಕೋವಿ ಹವ್ಯಾಸದ ಇನ್ನೊಂದು ಕವಲು ಹಳೆಯ ಆಯುಧಗಳ ಗುರುತಿಸುವಿಕೆ ಮತ್ತು ದಾಖಲಾತಿ. ನಳಿಗೆಯ ಮೇಲಿನ ಮುದ್ರೆ, ಹಿಡಿಯ ಕೆತ್ತನೆ, ಕೀಲಿನ ರಚನೆ ಇವುಗಳಿಂದ ಕೋವಿಯ ಕಾಲ ಮತ್ತು ಮೂಲವನ್ನು ಊಹಿಸುವುದು ಶಾಸನ ಓದುವಷ್ಟೇ ತಾಳ್ಮೆ ಬೇಡುವ ಕೆಲಸ. ಬಳಕೆಯಿಂದ ಹೋದ ಮಾದರಿಯ, ಪ್ರಾಚೀನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧ, ದುರಸ್ತಿ ಮಾಡಿದರೂ ಮಾಡದಿದ್ದರೂ ಕೋವಿಯಾಗಿ ಹಾರಿಸಲು ಬಾರದಂತಿದ್ದರೆ ಶಸ್ತ್ರಾಸ್ತ್ರ ಕಾಯಿದೆಯ 45ನೆಯ ಪ್ರಕರಣ ಅದನ್ನು ಹೊರಗಿಡುತ್ತದೆ. ಹಾರಿಸಲು ಬರುವುದಾದರೆ ಎಷ್ಟೇ ಹಳೆಯದಾದರೂ ಪರವಾನಗಿ ಬೇಕೇ ಬೇಕು. ನೂರು ವರ್ಷ ಮೀರಿದ ವಸ್ತುಗಳ ಮಾರಾಟ ಮತ್ತು ಸಾಗಣೆಗೆ 1972ರ ಪ್ರಾಚ್ಯವಸ್ತು ಕಾಯಿದೆ ಅನ್ವಯಿಸುತ್ತದೆ. ಉಳುವಾಗ ಅಥವಾ ಪಾಯ ತೆಗೆಯುವಾಗ ಸಿಕ್ಕುವ ಫಿರಂಗಿ ಗುಂಡು, ನಳಿಗೆಗಳನ್ನು ಮನೆಗೆ ಒಯ್ಯದೆ ಆಡಳಿತಕ್ಕೆ ತಿಳಿಸಿದರೆ ಸಿಕ್ಕ ಜಾಗದ ವಿವರವೂ ಉಳಿಯುತ್ತದೆ. ಚರಿತ್ರೆಗೆ ಲೋಹದ ತುಂಡಿಗಿಂತ ಆ ವಿವರವೇ ದೊಡ್ಡ ಸಂಪತ್ತು.

ಸುರಕ್ಷತೆ ಮತ್ತು ಮುಂದಿನ ದಾರಿ

ಹವ್ಯಾಸಿಗಳು ಲೋಕದೆಲ್ಲೆಡೆ ಪಾಲಿಸುವ ನಿಯಮಗಳು ಕೆಲವೇ: ಪ್ರತಿಯೊಂದು ಕೋವಿಯೂ ತುಂಬಿದೆಯೆಂದೇ ಭಾವಿಸಬೇಕು, ನಳಿಗೆಯನ್ನು ಹೊಡೆಯಬಾರದ ಯಾವುದರ ಕಡೆಗೂ ತಿರುಗಿಸಬಾರದು, ಗುರಿ ಖಚಿತವಾಗುವವರೆಗೆ ಬೆರಳು ಟ್ರಿಗರಿನಿಂದ ಹೊರಗಿರಬೇಕು, ಗುರಿಯ ಹಿಂದೇನಿದೆ ಎಂಬುದು ತಿಳಿದಿರಬೇಕು. ಮನೆಯಲ್ಲಿ ಕೋವಿ ಮತ್ತು ತೋಟಾಗಳನ್ನು ಬೇರೆಬೇರೆ ಬೀಗದಲ್ಲಿಡುವುದು, ಬಾಯಿಂದ ತುಂಬುವ ಕೋವಿಯನ್ನು ಈಡು ತುಂಬಿ ಗೋಡೆಗೆ ಒರಗಿಸುವ ಹಳೆಯ ರೂಢಿಯನ್ನು ಸಂಪೂರ್ಣವಾಗಿ ಬಿಡುವುದು ಹಳ್ಳಿಮನೆಗಳಿಗೆ ವಿಶೇಷವಾಗಿ ಅನ್ವಯಿಸುವ ಎಚ್ಚರಗಳು.

ನಾಲ್ಕು ತಾಲ್ಲೂಕುಗಳ ಕೋವಿ ಪ್ರೀತಿಗೆ ಭವಿಷ್ಯವಿರುವುದು ಈ ಶಿಸ್ತಿನಲ್ಲಿ. ಹತ್ತು ಮೀಟರಿನ ಗುರಿ ಅಭ್ಯಾಸಕ್ಕೆ ಬೇಕಾಗುವುದು ಗಟ್ಟಿ ಹಿಂಗೋಡೆಯ, ಚೆನ್ನಾಗಿ ಬೆಳಕಿರುವ ಉದ್ದನೆಯ ಒಂದು ಕೋಣೆ ಮತ್ತು ತರಬೇತಿ ಪಡೆದ ಮೇಲ್ವಿಚಾರಕ. ಇಷ್ಟು ತಾಲ್ಲೂಕು ಕೇಂದ್ರದ ಕಾಲೇಜೊಂದರಲ್ಲಿ ಸಾಧ್ಯವಾದರೆ ಶೇಂಗಾ ಹೊಲದ ಅಂಚಿನಿಂದ ಬಂದ ಮಗುವಿಗೂ ರಾಷ್ಟ್ರೀಯ ಸ್ಪರ್ಧೆಯ ದಾರಿ ತೆರೆಯುತ್ತದೆ. ಅದೇ ಕಾಲೇಜಿನ ಇತಿಹಾಸ ವಿಭಾಗ ಮಧುಗಿರಿ, ಚನ್ನರಾಯನದುರ್ಗ, ನಿಡುಗಲ್ಲು, ಪಾವಗಡಗಳ ಗುಂಡುಕಿಂಡಿ ಮತ್ತು ಮದ್ದಿನಮನೆಗಳನ್ನು ಅಳೆದು ದಾಖಲಿಸುವ ಕೆಲಸವನ್ನು ಕೈಗೊಂಡರೆ, ಗುರಿ ಕಲಿಯುವವರಿಗೂ ತಮ್ಮ ಕೈಯಲ್ಲಿರುವ ವಸ್ತುವಿನ ಹೊಣೆ ಎಷ್ಟು ಹಳೆಯದೆಂಬ ಅರಿವು ಮೂಡಿ, ಹವ್ಯಾಸವು ವಿದ್ಯೆಯೂ ಕ್ರೀಡೆಯೂ ಆಗಿ ಒಟ್ಟಿಗೆ ಬೆಳೆಯುತ್ತದೆ.